ಹಳೇ ಪಿಕಪ್ ಕೊಳ್ಳೋರೇ, ಮ್ಯಾನ್ಯುವಲ್ಲೋ ಆಟೋಮ್ಯಾಟಿಕ್ಕೋ ಅನ್ನೋ ಮೊದಲು ಕ್ಲಚ್ ನೋಡ್ರಿ

ಸುಗ್ಗಿ ಹತ್ತಿರ ಬಂತಂದ್ರೆ ರಾಣೇಬೆನ್ನೂರು, ಬ್ಯಾಡಗಿ ಭಾಗದ ಯುವ ರೈತರ ಮೊಬೈಲಿನಲ್ಲಿ ಮಾರ್ಕೆಟ್ ರೇಟಿನ ಜೊತೆಗೆ ಇನ್ನೊಂದು ಹುಡುಕಾಟ ಶುರುವಾಗುತ್ತದೆ. ಅದು ಸೆಕೆಂಡ್ ಹ್ಯಾಂಡ್ ಪಿಕಪ್. ಬಾಡಿಗೆ ಗಾಡಿಯವರು ಸಮಯಕ್ಕೆ ಬರುವುದಿಲ್ಲ, ಬಂದರೂ ಸೀಸನ್ನಿನಲ್ಲಿ ಕೇಳಿದ್ದೇ ರೇಟು. ತರಕಾರಿಯೋ ಹೂವೋ ಕೊಯ್ದು ಬದುವಿನ ಮೇಲೆ ಇಟ್ಟು ಗಾಡಿಗೆ ಕಾಯುತ್ತ ನಿಂತವರಿಗೆ ಸ್ವಂತದ್ದೊಂದು ಇದ್ದಿದ್ದರೆ ಅನ್ನಿಸುವುದು ಸಹಜ.

ದೇವರಗುಡ್ಡದ ಸುತ್ತಮುತ್ತಲಿನ ಹುಡುಗರು ಇತ್ತೀಚೆಗೆ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ: "ಸರ್, ಕಾರಿನ್ಯಾಗ ಈಗ ಎಲ್ಲಾರೂ ಆಟೋಮ್ಯಾಟಿಕ್ ಅಂತಾರ. ಪಿಕಪ್ಪೂ ಆಟೋಮ್ಯಾಟಿಕ್ ನೋಡ್ಲ್ಯಾ, ಇಲ್ಲಾ ಗೇರಿಂದ ತಗೊಳ್ಳೋದಾ?"

ನೇರವಾಗಿ ಹೇಳುತ್ತೇನೆ. ನಮ್ಮ ಲೋಡಿಗೆ, ನಮ್ಮ ದಾರಿಗೆ, ನಮ್ಮ ಗ್ಯಾರೇಜಿಗೆ ಹತ್ತರಲ್ಲಿ ಒಂಬತ್ತು ಮಂದಿಗೆ ಮ್ಯಾನ್ಯುವಲ್ಲೇ ಸರಿ. ಆದರೆ ಮ್ಯಾನ್ಯುವಲ್ ಅಂತ ಕಣ್ಣು ಮುಚ್ಚಿ ಕೊಂಡರೆ ಕ್ಲಚ್ಚು, ಗೇರ್‌ಬಾಕ್ಸು ಸೇರಿ ಮೊದಲ ಸುಗ್ಗಿಯ ಲಾಭ ತಿಂದುಬಿಡುತ್ತವೆ. ಉಳಿದ ಒಬ್ಬರಿಗೆ ಆಟೋಮ್ಯಾಟಿಕ್ ಅಥವಾ ಎಲೆಕ್ಟ್ರಿಕ್ ನಿಜಕ್ಕೂ ಒಳ್ಳೆಯ ಆಯ್ಕೆ ಆಗಬಹುದು. ನೀವು ಯಾವ ಗುಂಪಿನವರು ಅನ್ನೋದನ್ನ ಈ ವಾರ ಲೆಕ್ಕ ಹಾಕೋಣ.

ಮಾರುಕಟ್ಟೆಯಲ್ಲಿ ಇರೋದಾದರೂ ಏನು?

ನಮ್ಮ ಕಡೆ ಹಳೇ ಗಾಡಿ ಅಂತ ಮಾರಾಟಕ್ಕೆ ಬರುವವು ಹೆಚ್ಚಾಗಿ ಮಹೀಂದ್ರಾ ಬೊಲೆರೊ ಪಿಕಪ್, ಟಾಟಾ ಏಸ್, ಟಾಟಾ ಇಂಟ್ರಾ, ಅಶೋಕ್ ಲೇಲ್ಯಾಂಡ್ ದೋಸ್ತ್, ಮಾರುತಿ ಸೂಪರ್ ಕ್ಯಾರಿ. ಏಸ್ 2005ರಲ್ಲಿ ಬಂತು, ದೋಸ್ತ್ 2011ರಲ್ಲಿ, ಸೂಪರ್ ಕ್ಯಾರಿ 2016ರಲ್ಲಿ, ಇಂಟ್ರಾ 2019ರಲ್ಲಿ. ಈ ಸಾಲಿನಲ್ಲಿ ನಿಮಗೆ ಸಿಗುವ ಡೀಸೆಲ್, ಪೆಟ್ರೋಲ್ ಗಾಡಿಗಳೆಲ್ಲ ಕ್ಲಚ್ ಒತ್ತಿ ಗೇರ್ ಹಾಕುವಂಥವೇ.

ಆಟೋಮ್ಯಾಟಿಕ್ ಪಿಕಪ್ ಅಂದರೆ ಇಸುಜು ವಿ-ಕ್ರಾಸ್‌ನ ಕೆಲವು ಮಾಡೆಲ್, 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್‌ನ ಕೆಲವು ಮಾಡೆಲ್. ಇವು ಎರಡು ಸಾಲು ಸೀಟಿನ, ಕಾರಿನಂಥ ಗಾಡಿಗಳು. ನೋಡೋಕೆ ಭರ್ಜರಿ. ಆದರೆ ಹಿಂದಿನ ತೊಟ್ಟಿ ಗಿಡ್ಡ, ಬೆಲೆ ದೊಡ್ಡದು, ಬಿಡಿಭಾಗವೂ ದುಬಾರಿ. ಇಂಥದ್ದನ್ನು ನೋಡಲು ಹೋದರೆ ಆರ್.ಸಿ.ಯಲ್ಲಿ ಗಾಡಿಯ ವರ್ಗ ಏನಂತ ಬರೆದಿದೆ ಮೊದಲು ಓದಿ. ಖಾಸಗಿ ಅಂತ ನೋಂದಣಿಯಾದ ಬಿಳಿ ಬೋರ್ಡ್ ಗಾಡಿಯಲ್ಲಿ ಪಕ್ಕದ ಹೊಲದವರ ಮಾಲನ್ನು ಬಾಡಿಗೆಗೆ ಹೊರಲು ಕಾನೂನು ಒಪ್ಪುವುದಿಲ್ಲ. ಸೀಸನ್ ಇಲ್ಲದಾಗ ನಾಲ್ಕು ಬಾಡಿಗೆ ಹೊಡೆದು ಕಂತು ಕಟ್ಟುವ ಲೆಕ್ಕ ನಿಮ್ಮದಾಗಿದ್ದರೆ ಆ ಲೆಕ್ಕ ಅಲ್ಲೇ ಮುಗಿಯಿತು.

ಮೂರನೆಯದು ಎಲೆಕ್ಟ್ರಿಕ್. ಟಾಟಾ ಏಸ್ ಇವಿ 2022ರಲ್ಲಿ ಬಂತು. ಇದರಲ್ಲಿ ಕ್ಲಚ್ಚೂ ಇಲ್ಲ, ಗೇರ್ ಬದಲಿಸುವ ಕೆಲಸವೂ ಇಲ್ಲ. ಸಣ್ಣ ಸರಕು ಗಾಡಿಯಲ್ಲಿ ಗೇರ್ ಇಲ್ಲದ್ದು ಬೇಕು ಅನ್ನುವವರಿಗೆ ಹಳ್ಳಿ ಮಟ್ಟದಲ್ಲಿ ಸಿಗಬಹುದಾದ ನಿಜವಾದ ದಾರಿ ಇದೇ. ಅದರ ವಿಷಯ ಮುಂದೆ ಬರುತ್ತದೆ.

ಒಳಗೆ ನಡೆಯೋದು ಏನು?

ಮ್ಯಾನ್ಯುವಲ್ ಗಾಡಿಯಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಒಂದು ಕ್ಲಚ್ ಪ್ಲೇಟ್ ಇರುತ್ತದೆ. ಕಾಲು ಬಿಟ್ಟಾಗ ಅದು ಎಂಜಿನ್ನಿನ ಫ್ಲೈವೀಲಿಗೆ ಬಿಗಿಯಾಗಿ ಅಂಟಿಕೊಂಡು ಶಕ್ತಿ ದಾಟಿಸುತ್ತದೆ. ಅರ್ಧ ಒತ್ತಿ ಹಿಡಿದರೆ ಉಜ್ಜುತ್ತ ಬಿಸಿಯಾಗಿ ಸವೆಯುತ್ತದೆ. ಅದನ್ನೇ ನಾವು ಹಾಫ್ ಕ್ಲಚ್ ಅನ್ನೋದು. ಪ್ಲೇಟ್ ಅನ್ನೋದು ಸವೆಯಲಿಕ್ಕೆಂದೇ ಮಾಡಿದ ಭಾಗ. ಸವೆದರೆ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಹೊಸದು ಹಾಕುತ್ತಾರೆ. ಊರ ಹತ್ತಿರದ ಮೆಕ್ಯಾನಿಕ್‌ಗೂ ಕೈವಶವಾದ ಕೆಲಸ ಅದು.

ಆಟೋಮ್ಯಾಟಿಕ್ ಪಿಕಪ್ಪಿನಲ್ಲಿ ಕ್ಲಚ್ ಪ್ಲೇಟಿನ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತದೆ. ಒಳಗಿನ ಎಣ್ಣೆಯೇ ಎಂಜಿನ್ನಿನ ತಿರುಗುವ ಬಲವನ್ನು ಗೇರ್‌ಬಾಕ್ಸಿಗೆ ಮುಟ್ಟಿಸುತ್ತದೆ. ಗೇರನ್ನು ಕಂಪ್ಯೂಟರ್ ಬದಲಿಸುತ್ತದೆ. ಓಡಿಸೋಕೆ ಸುಖ. ಆದರೆ ಮಿತಿ ಮೀರಿ ಲೋಡ್ ಹಾಕಿ ಏರು ಹತ್ತಿಸಿದರೆ ಆ ಎಣ್ಣೆ ಕಾಯುತ್ತದೆ, ಕಾದ ಎಣ್ಣೆ ಬೇಗ ಕೆಡುತ್ತದೆ, ಅದು ಕೆಟ್ಟ ಮೇಲೆ ಒಳಗಿನ ಸಣ್ಣ ಸಣ್ಣ ಕ್ಲಚ್‌ಗಳು ಸುಡುತ್ತವೆ. ಅವನ್ನು ಬದಲಿಸಬೇಕಂದರೆ ಇಡೀ ಗೇರ್‌ಬಾಕ್ಸ್ ಬಿಚ್ಚಬೇಕು. ಆ ಕೆಲಸ ಗೊತ್ತಿದ್ದವರು ದೊಡ್ಡ ಊರಲ್ಲೇ ಸಿಗೋದು.

ಆರಿಸುವಾಗ ನೆನಪಿಡಬೇಕಾದ ವ್ಯತ್ಯಾಸ ಇದು. ತಪ್ಪಾಗಿ ಬಳಸಿದರೆ ಎರಡೂ ಕೆಡುತ್ತವೆ. ಮ್ಯಾನ್ಯುವಲ್ ಕೆಟ್ಟರೆ ಒಂದು ಪ್ಲೇಟು ಹೋಗುತ್ತದೆ, ಆಟೋಮ್ಯಾಟಿಕ್ ಕೆಟ್ಟರೆ ಪೂರಾ ಪೆಟ್ಟಿಗೆಗೇ ಕೈ ಹಾಕಬೇಕಾಗುತ್ತದೆ. ಹಳೇ ಗಾಡಿಯಲ್ಲಿ ಹಿಂದಿನ ಮಾಲೀಕ ಹೇಗೆ ಓಡಿಸಿದ್ದ ಅನ್ನೋದು ನಿಮಗೆ ಗೊತ್ತಿರುವುದಿಲ್ಲವಲ್ಲ, ಅದಕ್ಕೇ ಈ ವ್ಯತ್ಯಾಸಕ್ಕೆ ಇಷ್ಟು ಬೆಲೆ.

ನಮ್ಮ ಲೋಡು, ನಮ್ಮ ದಾರಿ

ಒಣಮೆಣಸಿನಕಾಯಿ ಚೀಲ ಜಾಗ ತಿನ್ನುತ್ತದೆ, ತೂಕ ಕಡಿಮೆ. ತೊಟ್ಟಿ ತುಂಬಿದರೂ ಗಾಡಿ ಬಾಗುವುದಿಲ್ಲ. ಗೋವಿನಜೋಳ, ಉಳ್ಳಾಗಡ್ಡಿ ಹಾಗಲ್ಲ. ತೊಟ್ಟಿ ಅರ್ಧ ಖಾಲಿ ಕಾಣುವಾಗಲೇ ತೂಕದ ಮಿತಿ ಮುಟ್ಟಿರುತ್ತದೆ. ಟಾಟಾ ಏಸ್‌ನ ಹಳೇ ಡೀಸೆಲ್ ಮಾಡೆಲ್ಲಿಗೆ ಸುಮಾರು 750 ಕೆ.ಜಿ. ಅಂದರೆ 50 ಕೆ.ಜಿ.ಯ 15 ಚೀಲ. ದೋಸ್ತ್‌ಗೆ 1,250 ಕೆ.ಜಿ. ಅಂದರೆ 25 ಚೀಲ. ಬೊಲೆರೊ ಪಿಕಪ್ 1.3 ಟನ್ ಮಾಡೆಲ್ಲಿಗೆ 26 ಚೀಲ. ಇದರ ಮೇಲೆ "ಇನ್ನೊಂದು ಹತ್ತು ಚೀಲ ಹಾಕು, ಏನಾಗಲ್ಲ" ಅಂತ ಹೇಳಿಸಿಕೊಂಡ ಗಾಡಿಯೇ ನಾಳೆ ಮಾರಾಟಕ್ಕೆ ಬರೋದು. ಓವರ್‌ಲೋಡಿಗೆ ದಂಡ ಬೇರೆ ಇದೆ: 2019ರ ತಿದ್ದುಪಡಿಯ ಪ್ರಕಾರ ₹20,000, ಮೇಲಿನ ಪ್ರತಿ ಟನ್ನಿಗೆ ಇನ್ನೂ ₹2,000.

ಸಾವಯವ ಮಾಡುವವರು ಇನ್ನೊಂದು ಲೆಕ್ಕ ಇಟ್ಟುಕೊಳ್ಳಿ. ಜೀವಾಮೃತದ 200 ಲೀಟರ್ ಡ್ರಮ್ ಅಂದರೆ 200 ಕೆ.ಜಿ.ಗೂ ಮೇಲೆ. ಅದೂ ಅಲುಗಾಡುವ ತೂಕ. ಏರಿನಲ್ಲಿ ನಿಂತು ಹೊರಟಾಗ ಹಿಂದಕ್ಕೆ ಎಳೆಯುತ್ತದೆ. ಕ್ಲಚ್ ಸೋತಿದ್ದರೆ ಅಲ್ಲೇ ವಾಸನೆ ಬರುತ್ತದೆ.

ಇನ್ನು ದಾರಿ. ಮಳೆಗಾಲದ ಎರಿ ಹೊಲದಲ್ಲಿ ಹಿಂದಿನ ಗಾಲಿ ಹೂತಾಗ ಒಂದೇ ಸಮನೆ ಆಕ್ಸಿಲರೇಟರ್ ಒತ್ತಿದರೆ ಯಾವ ಗೇರಾದರೂ ಪ್ರಯೋಜನ ಇಲ್ಲ, ಗಾಲಿ ಇನ್ನೂ ಆಳಕ್ಕೆ ಇಳಿಯುತ್ತದೆ. ಮ್ಯಾನ್ಯುವಲ್ಲಿನಲ್ಲಿ ಎರಡನೇ ಗೇರಿನಲ್ಲಿ ನಿಧಾನಕ್ಕೆ ಹೊರಡಿಸಿ ಗಾಲಿ ಜಾರದಂತೆ ನೋಡಿಕೊಳ್ಳಬಹುದು. ಬ್ಯಾಟರಿ ಇಳಿದರೆ ನಾಲ್ಕು ಜನ ದಬ್ಬಿ ಸ್ಟಾರ್ಟ್ ಮಾಡಬಹುದು. ಆಟೋಮ್ಯಾಟಿಕ್ ಗಾಡಿ ದಬ್ಬಿದರೆ ಸ್ಟಾರ್ಟ್ ಆಗೋದಿಲ್ಲ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗಾಲಿ ನೆಲದ ಮೇಲೆ ಉರುಳುವಂತೆ ದೂರ ಎಳೆದರೆ ಗೇರ್‌ಬಾಕ್ಸ್ ಒಳಗೇ ಹಾಳಾಗಬಹುದು.

ಹಾಗಂತ ಆಟೋಮ್ಯಾಟಿಕ್ ಗೆಲ್ಲುವ ಜಾಗವೂ ಇದೆ. ಸೀಸನ್ನಿನ ಸೋಮವಾರ, ಗುರುವಾರ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಮುಂದಿನ ಸಾಲು ನೆನೆಸಿಕೊಳ್ಳಿ. ದಸರಾದಲ್ಲಿ ದೇವರಗುಡ್ಡದ ಕಾರಣಿಕಕ್ಕೆ ಜನ ಸೇರಿದಾಗಿನ ದಾರಿ ನೆನೆಸಿಕೊಳ್ಳಿ. ನಾಲ್ಕು ಮಾರು ಮುಂದೆ, ನಿಲ್ಲು, ಮತ್ತೆ ನಾಲ್ಕು ಮಾರು. ಕ್ಲಚ್ ಪ್ಲೇಟ್ ಸವೆಯೋದು ಇಂಥಲ್ಲೇ, ಎಡಗಾಲು ನೋಯೋದೂ ಇಂಥಲ್ಲೇ. ನಿಮ್ಮ ಓಡಾಟ ಹೆಚ್ಚಾಗಿ ಪೇಟೆಯೊಳಗೇ ಇದ್ದರೆ ಗೇರ್ ಇಲ್ಲದ ಗಾಡಿಯ ಲಾಭ ನಿಜ.

ಮ್ಯಾನ್ಯುವಲ್ ಗಾಡಿ ನೋಡುವಾಗ ಮಾಡಬೇಕಾದ ಪರೀಕ್ಷೆ

ಬೇಕಾಗೋದು ಒಂದು ಗಂಟೆ, ಒಬ್ಬ ನಂಬಿಕಸ್ಥ ಮೆಕ್ಯಾನಿಕ್, ಹತ್ತು ಚೀಲ ಮಾಲು. ಮೆಕ್ಯಾನಿಕ್‌ನ ಕೂಲಿ ಉಳಿಸಲು ಹೋಗಬೇಡಿ.

1. ತಣ್ಣನೆಯ ಎಂಜಿನ್. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಯಾಕೆ ಅಂತ ಕೇಳಿ.

2. ಸದ್ದು ಕೇಳಿ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ. ಕ್ಲಚ್ ಒತ್ತಿದಾಗ ಮಾತ್ರ ಕರಕರ ಸದ್ದು ಬಂದರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ಕ್ಲಚ್ ಬಿಟ್ಟಾಗ ಸದ್ದು ಇದ್ದು, ಒತ್ತಿದಾಗ ನಿಂತರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಮೇಲೆ ಅನುಮಾನ. ಎರಡನೆಯದು ಹೆಚ್ಚು ದುಬಾರಿ.

3. ಪೆಡಲ್ ಎಲ್ಲಿ ಹಿಡಿಯುತ್ತದೆ? ನಿಧಾನಕ್ಕೆ ಕಾಲು ಬಿಡಿ. ಪೂರ್ತಿ ಮೇಲೆ ಬಂದ ಮೇಲಷ್ಟೇ ಗಾಡಿ ಹೊರಡುತ್ತದೆ ಅಂದರೆ ಪ್ಲೇಟ್ ಸವೆದಿರುವ ಸಾಧ್ಯತೆ ಹೆಚ್ಚು.

4. ಹ್ಯಾಂಡ್‌ಬ್ರೇಕ್ ಪರೀಕ್ಷೆ. ಸಮತಟ್ಟಾದ ಜಾಗ, ಗಾಡಿಯ ಮುಂದೆ ಯಾರೂ ಇರಬಾರದು. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಮೂರನೇ ಗೇರ್ ಹಾಕಿ, ನಿಧಾನಕ್ಕೆ ಕ್ಲಚ್ ಬಿಡಿ. ಎಂಜಿನ್ ಬಂದ್ ಬಿದ್ದರೆ ಕ್ಲಚ್ ಹಿಡಿಯುತ್ತಿದೆ. ಗಾಡಿ ಅಲುಗದೆ ಎಂಜಿನ್ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಒಂದೇ ಸಲ ಮಾಡಿ, ಪದೇ ಪದೇ ಮಾಡಿದರೆ ಒಳ್ಳೆಯ ಪ್ಲೇಟೂ ಸುಡುತ್ತದೆ.

5. ಲೋಡ್ ಹಾಕಿ ಏರು ಹತ್ತಿಸಿ. ಖಾಲಿ ಗಾಡಿ ಸುಳ್ಳು ಹೇಳುತ್ತದೆ. ಚೀಲ ಹಾಕಿ ಏರಿನಲ್ಲಿ ನಿಲ್ಲಿಸಿ ಹೊರಡಿಸಿ. ನಂತರ ನಾಲ್ಕನೇ ಗೇರಿನಲ್ಲಿ ಹೋಗುವಾಗ ಆಕ್ಸಿಲರೇಟರ್ ಜೋರಾಗಿ ಒತ್ತಿ. ಎಂಜಿನ್ ಸದ್ದು ಏರಿ, ವೇಗ ಏರದಿದ್ದರೆ ಕ್ಲಚ್ ಮುಗಿದಿದೆ.

6. ಎಲ್ಲಾ ಗೇರ್ ಹಾಕಿ ನೋಡಿ. ಮೂರರಿಂದ ಎರಡಕ್ಕೆ ಇಳಿಸುವಾಗ ಗರ್ ಅಂದರೆ ಗೇರನ್ನು ಹೊಂದಿಸುವ ಸಿಂಕ್ರೊ ರಿಂಗ್ ಸವೆದಿದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನಾಗಿ ನ್ಯೂಟ್ರಲ್ಲಿಗೆ ಜಿಗಿದರೆ ಆ ಗಾಡಿ ಬಿಟ್ಟುಬಿಡಿ. ಲೋಡ್ ಇದ್ದಾಗ ಇಳಿಜಾರಿನಲ್ಲಿ ಗೇರಿನ ಹಿಡಿತ ತಪ್ಪಿದರೆ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

7. ಕೆಳಗೆ ಮಲಗಿ ನೋಡಿ. ಎಂಜಿನ್ ಬಂದ್ ಮಾಡಿ, ಗಾಲಿಗೆ ಕಲ್ಲು ಕೊಟ್ಟ ಮೇಲೆ ಮಾತ್ರ. ಎಂಜಿನ್, ಗೇರ್‌ಬಾಕ್ಸ್ ಸೇರುವಲ್ಲಿ ಎಣ್ಣೆ ಒಸರಿದ್ದರೆ ಅದು ಕ್ಲಚ್ ಪ್ಲೇಟಿಗೂ ತಾಗುತ್ತದೆ. ಹಿಂದಿನ ಗಾಲಿಗೆ ಹೋಗುವ ಉದ್ದ ಶಾಫ್ಟನ್ನು ಕೈಯಿಂದ ತಿರುಗಿಸಿ, ಅಲುಗಿಸಿ ನೋಡಿ. ಜಾಯಿಂಟಿನಲ್ಲಿ ಆಟ ಇದ್ದರೆ ಹೊರಡುವಾಗ 'ಟಕ್' ಅಂತ ಸದ್ದು ಬಂದೇ ಇರುತ್ತದೆ.

ಕ್ಲಚ್ ಸೋತಿದೆ ಅಂತಷ್ಟೇ ಗೊತ್ತಾದರೆ ಗಾಡಿ ಬಿಡಬೇಕಾಗಿಲ್ಲ. ಕೆಲಸದ ಖರ್ಚನ್ನು ಮೆಕ್ಯಾನಿಕ್‌ನಿಂದ ಚೀಟಿಯಲ್ಲಿ ಬರೆಸಿ ಮಾರುವವರ ಮುಂದೆ ಇಡಿ. ಅಷ್ಟು ಬೆಲೆ ಇಳಿಸಿದರೆ ತಗೊಳ್ಳಿ, ಹೊಸ ಪ್ಲೇಟ್ ನಿಮ್ಮ ಕೈಯಲ್ಲೇ ಶುರುವಾಗುತ್ತದೆ. ಗೇರ್‌ಬಾಕ್ಸ್ ಸದ್ದು, ಗೇರ್ ಜಿಗಿಯೋದು ಕಂಡರೆ ಮಾತ್ರ ಚೌಕಾಶಿಗೂ ಕೂರಬೇಡಿ.

ಗೇರ್ ಇಲ್ಲದ್ದು ಯಾರಿಗೆ ಸರಿ?

ಮನೆಯಲ್ಲಿ ಗಾಡಿ ಓಡಿಸುವವರು ಯಾರು ಅನ್ನೋದೇ ಇಲ್ಲಿ ಮುಖ್ಯ. ಎಷ್ಟೋ ಮನೆಗಳಲ್ಲಿ ಅಕ್ಕ, ಹೆಂಡತಿ ಸ್ಕೂಟಿಯಲ್ಲಿ ಹೊಲ, ಡೇರಿ, ಪೇಟೆ ಎಲ್ಲಾ ಸುತ್ತುತ್ತಾರೆ. ಪಿಕಪ್ ಮಾತ್ರ ಗಂಡಸರು ಮನೆಯಲ್ಲಿ ಇಲ್ಲದಿದ್ದರೆ ಅಂಗಳದಲ್ಲೇ ನಿಂತಿರುತ್ತದೆ. ಕ್ಲಚ್ ಕಲಿಯೋದು ಅವರಿಗೇನೂ ಕಷ್ಟವಲ್ಲ, ಹದಿನೈದು ದಿನದ ಅಭ್ಯಾಸ. ಆದರೆ ಮೊಣಕಾಲು ನೋವಿರುವ ಅಪ್ಪ, ಎಡಗಾಲಿಗೆ ಪೆಟ್ಟಾದ ಅಣ್ಣ ಇದ್ದ ಮನೆಗೆ ಕ್ಲಚ್ ಇಲ್ಲದ ಗಾಡಿ ಅಂದರೆ ದುಡಿಯುವ ಕೈ ಒಂದು ಹೆಚ್ಚಾದಂತೆ. ಲೈಸನ್ಸ್ ಬೈಕಿನಲ್ಲಿ ಗೇರ್ ಇರುವ, ಇಲ್ಲದ ಎಂದು ಬೇರೆ ಬೇರೆ ಇದೆ. ಲಘು ವಾಹನಕ್ಕೆ ಆ ಭೇದ ಇಲ್ಲ, ಎಲ್.ಎಂ.ವಿ. ಒಂದೇ.

ಹಳೇ ಆಟೋಮ್ಯಾಟಿಕ್ ನೋಡುವಾಗ ಮೂರು ವಿಷಯ ತಪ್ಪಿಸಬೇಡಿ. ಬ್ರೇಕ್ ಒತ್ತಿ ಹಿಡಿದು ಡಿ-ಯಿಂದ ಆರ್-ಗೆ, ಆರ್-ನಿಂದ ಡಿ-ಗೆ ಬದಲಿಸಿ. ತಡವಾಗಿ ಹಿಡಿದರೆ, ಜೋರಾಗಿ ಕುಲುಕಿದರೆ ಬೇಡ. ಗೇರ್‌ಬಾಕ್ಸ್ ಎಣ್ಣೆ ಯಾವಾಗ ಬದಲಾಗಿದೆ ಅನ್ನೋ ಸರ್ವಿಸ್ ಬಿಲ್ ಕೇಳಿ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬೇಡ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿಸಿ ನೋಡದೆ ಅಡ್ವಾನ್ಸ್ ಕೊಡಬೇಡಿ. ಆ ಸೆಂಟರ್ ನಿಮ್ಮೂರಿಂದ ಎಷ್ಟು ದೂರ ಅನ್ನೋದೂ ಬೆಲೆಯ ಒಂದು ಭಾಗವೇ.

ಎಲೆಕ್ಟ್ರಿಕ್ಕಿನ ಲೆಕ್ಕ ಬೇರೆ. ಮೊದಲ ಏಸ್ ಇವಿಗೆ 600 ಕೆ.ಜಿ. ಲೋಡು, 21.3 ಯೂನಿಟ್ ಬ್ಯಾಟರಿ. ಒಂದು ಚಾರ್ಜಿಗೆ 154 ಕಿ.ಮೀ. ಅಂತ ಕಂಪನಿಯ ಪ್ರಮಾಣಿತ ಅಂಕಿ. 2024ರಲ್ಲಿ ಬಂದ ಏಸ್ ಇವಿ 1000ಕ್ಕೆ ಒಂದು ಟನ್, 161 ಕಿ.ಮೀ. ಲೋಡು, ಏರು, ಹಳೇ ಬ್ಯಾಟರಿ ಸೇರಿದರೆ ಈ ಅಂಕಿ ಇಳಿಯುತ್ತದೆ. ದೇವರಗುಡ್ಡದಿಂದ ರಾಣೇಬೆನ್ನೂರು, ಬ್ಯಾಡಗಿ ಓಡಾಡುವ ಹೂವು, ತರಕಾರಿ, ಹಾಲಿನವರಿಗೆ ಧಾರಾಳ ಸಾಕು. ಹುಬ್ಬಳ್ಳಿಗೆ ಹೋಗಿ ಬರೋದು ಅಂದರೆ ಸುಮಾರು 200 ಕಿ.ಮೀ. ಆಗುತ್ತದೆ, ದಾರಿಯಲ್ಲಿ ಚಾರ್ಜ್ ಇಲ್ಲದೆ ಅದು ಆಗದ ಮಾತು. ಚಾರ್ಜಿಂಗ್ ಮನೆಯ ಲೈನಿನಲ್ಲಿ ಆಗಬೇಕು, ಪಂಪ್‌ಸೆಟ್ಟಿನ ತ್ರೀ ಫೇಸ್ ಸಮಯ ನಂಬಿ ಕೂರಬೇಡಿ. ಬ್ಯಾಟರಿಯ ಆರೋಗ್ಯದ ವರದಿ, ವಾರಂಟಿ ನಿಮ್ಮ ಹೆಸರಿಗೆ ಬರುತ್ತದೋ ಇಲ್ಲವೋ ಅನ್ನೋದು, ಇವೆರಡೂ ಕಾಗದದಲ್ಲಿ ಬೇಕು.

ಕಾಗದ ನೋಡದೆ ದುಡ್ಡು ಕೊಡಬೇಡಿ

ಗಾಡಿ ಕೆಎ-27 ಇರಲಿ, ಕೆಎ-17, ಕೆಎ-25 ಇರಲಿ, ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ವಿಮೆ, ಫಿಟ್‌ನೆಸ್ ಅವಧಿ ಕಾಣುತ್ತದೆ. ಇ-ಚಲನ್ ಬಾಕಿಯನ್ನೂ ನೋಡಿ. ಸರಕು ಗಾಡಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಫಿಟ್‌ನೆಸ್, ಆಮೇಲೆ ಪ್ರತಿ ವರ್ಷ. ಏಳು ವರ್ಷದ ಗಾಡಿ ಕೊಳ್ಳುವವರು ಈ ಖರ್ಚು ಈಗಲೇ ಬರೆದುಕೊಳ್ಳಿ. ಲೋಡ್ ಸೇರಿ ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಆರ್.ಸಿ.ಯಲ್ಲಿ ಜಿ.ವಿ.ಡಬ್ಲ್ಯು. ಅಂತ ಇರುವ ಅಂಕಿಯೇ ಅದು.

ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಎನ್.ಒ.ಸಿ. ಮತ್ತು ಫಾರ್ಮ್ 35, ವರ್ಗಾವಣೆಗೆ ಫಾರ್ಮ್ 29, 30. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. "ಆಮೇಲೆ ಮಾಡಿಸೋಣ ಬಿಡಪ್ಪ" ಅನ್ನೋ ಮಾತಿಗೆ ಸೋಲಬೇಡಿ.

ಲೈಸನ್ಸ್ ಬಗ್ಗೆ ಇದ್ದ ಗೊಂದಲ ಈಗ ಬಗೆಹರಿದಿದೆ. ಒಟ್ಟು ತೂಕ 7,500 ಕೆ.ಜಿ. ಒಳಗಿನ ಸರಕು ಗಾಡಿಯನ್ನು ಎಲ್.ಎಂ.ವಿ. ಲೈಸನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಎತ್ತಿಹಿಡಿಯಿತು. ಆದರೆ ಜಾತ್ರೆಗೋ ಮದುವೆಗೋ ತೊಟ್ಟಿಯಲ್ಲಿ ಜನ ತುಂಬಿಸಿ ಹೋದಾಗ ಏನಾದರೂ ಆದರೆ ಅವರ ಪರಿಹಾರ ನಿಮ್ಮ ಹೊಲದ ಮೇಲೆ ಬೀಳುತ್ತದೆ, ವಿಮೆ ಕಂಪನಿಯ ಮೇಲಲ್ಲ.

ಕೊನೆಗೆ, ಕೊಳ್ಳಲೇಬೇಕಾ?

ಒಂದು ಹಾಳೆ ತಗೊಳ್ಳಿ. ಕಳೆದ ವರ್ಷ ಬಾಡಿಗೆ ಗಾಡಿ ಎಷ್ಟು ಸಲ ಕರೆದಿರಿ, ಎಷ್ಟು ಕೊಟ್ಟಿರಿ ಬರೆಯಿರಿ. ಉದಾಹರಣೆಗೆ ತಿಂಗಳ ಕಂತು ₹9,000 ಅಂದುಕೊಳ್ಳಿ. ವರ್ಷಕ್ಕೆ ₹1,08,000. ಒಂದು ಸಲದ ಬಾಡಿಗೆ ₹1,500 ಆದರೆ ಕಂತಿಗೇ 72 ಬಾಡಿಗೆ ಆಯಿತು. ಡೀಸೆಲ್, ವಿಮೆ, ಟೈರು ಇನ್ನೂ ಬಾಕಿ. ನಿಮ್ಮ ಓಡಾಟ ವರ್ಷಕ್ಕೆ ಮೂವತ್ತು ಸಲ ಮಾತ್ರ ಇದ್ದರೆ ಇಬ್ಬರು ಮೂವರು ಅಣ್ಣತಮ್ಮಂದಿರು, ಗೆಳೆಯರು ಸೇರಿ ಒಂದೇ ಬಾಡಿಗೆ ಗಾಡಿ ಗೊತ್ತು ಮಾಡಿಕೊಳ್ಳೋದು ಲಾಭ. ನೂರು ದಾಟಿದ್ದರೆ, ಅಥವಾ ಗಾಡಿ ಬರದೆ ಮಾಲು ಬಾಡಿ ನಷ್ಟವಾಗುತ್ತಿದ್ದರೆ ಸ್ವಂತ ಗಾಡಿಗೆ ಅರ್ಥ ಇದೆ.

ಆಗ ಆಯ್ಕೆ ಹೀಗೆ. ಗೋವಿನಜೋಳ, ಉಳ್ಳಾಗಡ್ಡಿ, ಗೊಬ್ಬರ ಹೊರಬೇಕು, ಹೊಲದೊಳಗೆ ಇಳಿಸಬೇಕು, ದೂರದ ಮಾರುಕಟ್ಟೆಗೂ ಹೋಗಬೇಕು ಅನ್ನುವವರಿಗೆ ಪರೀಕ್ಷೆ ಪಾಸಾದ ಮ್ಯಾನ್ಯುವಲ್. ದಿನಾ ಅದೇ ಹತ್ತಿರದ ದಾರಿ, ಹಗುರ ಮಾಲು, ಮನೆಯಲ್ಲೇ ಚಾರ್ಜ್ ಅನ್ನುವವರಿಗೆ ಎಲೆಕ್ಟ್ರಿಕ್. ಕಾಲಿನ ತೊಂದರೆ ಇದ್ದು, ದೂರವೂ ಹೋಗಬೇಕು, ರಿಪೇರಿಗೆ ಕೈಯಲ್ಲಿ ದುಡ್ಡೂ ಇದೆ ಅನ್ನುವವರಿಗೆ ಮಾತ್ರ ಡೀಸೆಲ್ ಆಟೋಮ್ಯಾಟಿಕ್.

ಯಾವುದೇ ಆಗಲಿ, ಬಿತ್ತನೆಗೆ ಮೊದಲು ಬೀಜದ ಮೊಳಕೆ ಪರೀಕ್ಷೆ ಮಾಡ್ತೀವಲ್ಲ, ಹಾಗೇ ಅಡ್ವಾನ್ಸ್ ಕೊಡೋ ಮೊದಲು ಹತ್ತು ಚೀಲ ಹಾಕಿ ಏರು ಹತ್ತಿಸಿ ನೋಡ್ರಿ. ಲೋಡ್ ಹಾಕಿ ನೋಡೋಕೆ ಬಿಡದ ಮಾರಾಟಗಾರನ ಗಾಡಿ ಎಷ್ಟೇ ಅಗ್ಗವಾದರೂ ನಮಗೆ ಬ್ಯಾಡ್ರಿ.